ವಚನಪಿತಾಮಹ ಫ. ಗು. ಹಳಕಟ್ಟಿಯವರು: ಎಳವೆಯ ಸಂಸ್ಕಾರವೂ ಬಾಳಿನ ಕಾಯಕವೂ

ಹೊಸಕೋಟೆ ತಾಲ್ಲೂಕಿನ ಪಿಲ್ಲಗುಂಪೆಯಂತಹ ಊರಿನ ಗೃಹಸ್ಥನೊಬ್ಬನು ಇಂದು ಬೆಳಗಿನ ಲಿಂಗಪೂಜೆಯನ್ನು ಮುಗಿಸಿ, ಗೂಡಿನಿಂದ ವಚನಗಳ ಪುಸ್ತಕವೊಂದನ್ನು ತೆಗೆದು ಓದಲು ಕುಳಿತನೆಂದರೆ ಅದರಲ್ಲಿ ಆಶ್ಚರ್ಯಪಡತಕ್ಕುದು ಯಾರಿಗೂ ಕಾಣದು. ಆದರೆ ಆತನ ಮುತ್ತಜ್ಜನ ಕಾಲಕ್ಕೆ ಇದು ಅಷ್ಟು ಸುಲಭದ ಮಾತಾಗಿರಲಿಲ್ಲ. ಬಸವಣ್ಣನವರ ಹೆಸರು ಮನೆಮನೆಯಲ್ಲಿತ್ತು. ಪುರಾಣ ಹೇಳಿಸಿ ಕೇಳುವ ವಾಡಿಕೆಯಿತ್ತು. ಜಂಗಮರ ಬಾಯಿಂದ, ಭಜನೆಯ ಮೇಳದಿಂದ ಅಲ್ಲೊಂದು ಇಲ್ಲೊಂದು ವಚನವು ಕಿವಿಗೆ ಬೀಳುತ್ತಿತ್ತು. ಬೆರಳೆಣಿಕೆಯ ಕೆಲವು ಅಚ್ಚಿನ ಪುಸ್ತಕಗಳೂ ಹೊರಬಂದಿದ್ದುವು. ಆದರೆ ಶರಣರು ನುಡಿದುದರ ಬಹುಭಾಗವು ಮಠಗಳ ಪೆಟ್ಟಿಗೆಗಳಲ್ಲಿ, ಭಕ್ತರ ಮನೆಯ ಜಗುಲಿಗಳ ಮೇಲೆ, ದಾರ ಕಟ್ಟಿದ ಓಲೆಗರಿಯ ಕಟ್ಟುಗಳಾಗಿ ಮೌನವಾಗಿ ಕುಳಿತಿದ್ದಿತು. ಆ ಮೌನವನ್ನು ಬಿಡಿಸಿದವರಲ್ಲಿ ಮೊದಲಿಗರು ವಿಜಾಪುರದ ವಕೀಲರಾಗಿದ್ದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

ಅವರು ಮಠಾಧಿಪತಿಗಳಲ್ಲ, ಕಾಶಿಯಲ್ಲಿ ಓದಿ ಬಂದ ಶಾಸ್ತ್ರಿಗಳೂ ಅಲ್ಲ. ಇಂಗ್ಲಿಷ್ ವಿದ್ಯೆ ಕಲಿತು, ಕೋರ್ಟಿನ ಮೆಟ್ಟಿಲು ಹತ್ತಿ, ಕಕ್ಷಿಗಾರರ ಕಾಗದಪತ್ರಗಳ ನಡುವೆ ಬದುಕಿದ ಗೃಹಸ್ಥರು. ಅಂತಹವರಿಗೆ ಈ ಕಾಯಕವು ಹೇಗೆ ಒದಗಿತು? ಹುಟ್ಟಿನಿಂದ ಬಂದ ಭಕ್ತಿಯೇ ಇದಕ್ಕೆ ಕಾರಣವೆಂದು ಹೇಳಿ ಸುಮ್ಮನಾಗಬಹುದು. ಆದರೆ ಅದೇ ಭಕ್ತಿಯಿದ್ದ ಸಾವಿರಾರು ಮನೆಗಳಲ್ಲಿ ಅದೇ ಓಲೆಗರಿಗಳಿಗೆ ವಿಭೂತಿ ಹಚ್ಚಿ, ಹೂವೇರಿಸಿ, ಕೈಮುಗಿದು ಇಟ್ಟಿದ್ದರಲ್ಲವೆ? ಆದುದರಿಂದ ಕಾರಣವನ್ನು ಅವರ ಎಳವೆಯಲ್ಲಿಯೂ, ಹೊರಗಿನಿಂದ ಅವರ ಮೇಲೆ ಬಿದ್ದ ಪ್ರಭಾವಗಳಲ್ಲಿಯೂ ಅರಸಬೇಕಾಗುತ್ತದೆ.

ಹಳಕಟ್ಟಿಯವರು ಧಾರವಾಡದಲ್ಲಿ ೧೮೮೦ನೆಯ ಇಸವಿ ಜುಲೈ ೨ರಂದು ಜನಿಸಿದರು. ಅವರ ಹೆಸರನ್ನೇ ನೋಡಿರಿ. ಫಕೀರಪ್ಪನೆಂಬ ಹೆಸರು ಮೈಸೂರು ಸೀಮೆಯವರಿಗೆ ಕೊಂಚ ವಿಚಿತ್ರವೆನಿಸಬಹುದು. ಆ ಕಡೆ ಅದು ಲಿಂಗವಂತರ ಮನೆಗಳಲ್ಲಿ ಸಾಮಾನ್ಯ. ಶಿರಹಟ್ಟಿಯ ಫಕೀರೇಶ್ವರ ಮಠವು ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಸ್ಥಾನ. ಆ ಸೀಮೆಯ ಜನರಿಗೆ ಪರರ ಮಾತು ಬೆರೆತರೆ ಮೈಲಿಗೆಯೆಂಬ ಭಾವನೆ ಇರಲಿಲ್ಲ.

ತಂದೆ ಗುರುಬಸಪ್ಪನವರು ಶಿಕ್ಷಕರು, ಜೊತೆಗೆ ಕನ್ನಡದಲ್ಲಿ ಬರೆಯತಕ್ಕವರು. ಆ ಕಾಲದಲ್ಲಿ ಅಕ್ಷರ ಬಲ್ಲವರೇ ವಿರಳ; ಬಲ್ಲವರಲ್ಲಿಯೂ ಲೇಖನಿ ಹಿಡಿದು ಕನ್ನಡದಲ್ಲಿ ಬರೆಯುವವರು ಇನ್ನೂ ವಿರಳ. ತಾಯಿಯವರು ಮಗನಿಗೆ ಬುದ್ಧಿ ತಿಳಿಯುವ ಮುನ್ನವೇ ಶಿವಾಧೀನರಾದುದರಿಂದ, ಕೂಸನ್ನು ಎತ್ತಿ ಆಡಿಸಿ ಬೆಳೆಸುವ ಭಾರವು ಅಜ್ಜಿಯ ಪಾಲಿಗೆ ಬಂದಿತು. ತಾಯಿಯಿಲ್ಲದ ಮನೆಯಲ್ಲಿ ತಂದೆಯ ಪುಸ್ತಕಗಳು, ಅಜ್ಜಿಯ ಆಚಾರನಿಷ್ಠೆ, ಇವೆರಡರ ನಡುವೆ ಆ ಹುಡುಗನು ಬೆಳೆದನು. ಮುಂದೆ ಅವರು ಮಾಡಿದ ಕೆಲಸದಲ್ಲಿ ಈ ಎರಡೂ ಕಾಣುತ್ತವೆ. ಪುಸ್ತಕವೆಂದರೆ ಬರೆದು, ತಿದ್ದಿ, ಅಚ್ಚು ಹಾಕಿಸಿ ಜನರಿಗೆ ಮುಟ್ಟಿಸತಕ್ಕ ವಸ್ತುವೆಂಬ ಅರಿವು ತಂದೆಯಿಂದ ಬಂದುದು. ಹಳೆಯದನ್ನು ಕಂಡರೆ ಕಣ್ಣಿಗೊತ್ತಿಕೊಳ್ಳುವ ಗುಣವು ಅಜ್ಜಿಯ ಕಡೆಯದು.

ಆಗಿನ ಧಾರವಾಡವೂ ಒಂದು ಪಾಠಶಾಲೆಯೇ. ಮುಂಬಯಿ ಇಲಾಖೆಗೆ ಸೇರಿದ ಆ ಕನ್ನಡ ಜಿಲ್ಲೆಗಳಲ್ಲಿ ಶಾಲೆಗಳೂ ಕಚೇರಿಗಳೂ ಬಹುಕಾಲ ಮರಾಠಿಯ ಹಿಡಿತದಲ್ಲಿದ್ದುವು. ಕನ್ನಡ ನಾಡಿನ ಮಕ್ಕಳಿಗೆ ಕನ್ನಡದಲ್ಲಿಯೇ ವಿದ್ಯೆ ಕಲಿಸಬೇಕೆಂದು ದುಡಿದ ಡೆಪ್ಯುಟಿ ಚನ್ನಬಸಪ್ಪನವರು ತೀರಿಕೊಂಡುದು ೧೮೮೧ರಲ್ಲಿ; ಆಗ ಹಳಕಟ್ಟಿಯವರು ತೊಟ್ಟಿಲ ಕೂಸು. ಕರ್ನಾಟಕ ವಿದ್ಯಾವರ್ಧಕ ಸಂಘವು ಧಾರವಾಡದಲ್ಲಿ ೧೮೯೦ರಲ್ಲಿ ಸ್ಥಾಪಿತವಾದಾಗ ಅವರು ಹತ್ತು ವರ್ಷದ ಬಾಲಕ. ಮನೆಯ ಹಿರಿಯರು ಸಂಜೆ ಕೂಡಿ ಕನ್ನಡದ ಗತಿಯೇನೆಂದು ಮಾತನಾಡುತ್ತಿದ್ದ ಊರಿನಲ್ಲಿ ಬೆಳೆದ ಹುಡುಗನ ಕಿವಿಗೆ ಆ ಮಾತು ಬೀಳದಿರಲು ಸಾಧ್ಯವಿಲ್ಲ. ಆದರೂ ಕಿವಿಗೆ ಬಿದ್ದ ಮಾತು ಎದೆಗೆ ನಾಟುವುದು ಬೇರೆ. ಅದಕ್ಕೆ ಅವರು ಊರು ಬಿಟ್ಟು ಹೋಗಬೇಕಾಯಿತು.

ಮೆಟ್ರಿಕ್ಯುಲೇಶನ್ ಪರೀಕ್ಷೆಯನ್ನು ಮುಗಿಸಿದ ಹಳಕಟ್ಟಿಯವರು ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿದರು. ಅದು ಶತಮಾನದ ಕೊನೆಯ ಭಾಗ. ೧೮೯೬ರಲ್ಲಿ ಆ ಪಟ್ಟಣಕ್ಕೆ ಪ್ಲೇಗು ಮಾರಿ ಹೊಕ್ಕು ಸಾವಿರಾರು ಜನರನ್ನು ನುಂಗಿತ್ತು. ಆ ಸಂಕಟದ ನಡುವೆಯೂ ಮುಂಬಯಿಯ ಬುದ್ಧಿಜೀವನವು ಕುಂದಿರಲಿಲ್ಲ. ಗುಜರಾತಿಯವರ ಮುಂಬಯಿ ಸಮಾಚಾರ ಪತ್ರಿಕೆಯು ೧೮೨೨ರಿಂದಲೂ ನಡೆದುಬಂದಿತ್ತು. ತಿಲಕರ ಕೇಸರಿಯನ್ನು ಮರಾಠಿಗರು ಕಾದು ಓದುತ್ತಿದ್ದರು. ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದುಂಟು. ಮರಾಠಿಯ ವಿದ್ವಾಂಸರು ತಮ್ಮ ಸಂತರ ವಾಣಿಯನ್ನು ಆಗಲೇ ಹುಡುಕಿ, ಹೋಲಿಸಿ, ಅಚ್ಚು ಹಾಕಿಸಿ ಇಟ್ಟುಕೊಂಡಿದ್ದರು. ತುಕಾರಾಮರ ಅಭಂಗಗಳ ಗಾಥೆಯು ಸರ್ಕಾರದ ನೆರವಿನಿಂದ ಮುಂಬಯಿಯ ಇಂದುಪ್ರಕಾಶ ಮುದ್ರಣಾಲಯದಲ್ಲಿ ೧೮೬೯ರಲ್ಲಿಯೇ ಅಚ್ಚಾಗತೊಡಗಿತ್ತು. ನ್ಯಾಯಮೂರ್ತಿ ರಾನಡೆಯವರು ಮರಾಠರ ಏಳಿಗೆಯನ್ನು ಕುರಿತು ಬರೆದ ಗ್ರಂಥವು ೧೯೦೦ರಲ್ಲಿ ಹೊರಬಂದಿತು. ಒಂದು ಜನಾಂಗವು ಮೇಲೇಳಬೇಕಾದರೆ ಕತ್ತಿಗಿಂತ ಮೊದಲು ಸಂತರ ನುಡಿ ಕೆಲಸ ಮಾಡಿತೆಂಬುದನ್ನು ಅವರು ಅದರಲ್ಲಿ ಒಂದು ಅಧ್ಯಾಯದುದ್ದಕ್ಕೂ ತೋರಿಸಿಕೊಟ್ಟರು.

ಇಂತಹ ವಾತಾವರಣದಲ್ಲಿ ಧಾರವಾಡದ ತರುಣನು ತನ್ನವರ ಕಡೆಗೆ ತಿರುಗಿ ನೋಡಿದನು. ಅಲ್ಲಿದ್ದ ಕನ್ನಡಿಗರು ನಾಲ್ಕು ಜನರೆದುರು ಕನ್ನಡವಾಡಲು ನಾಚುತ್ತಿದ್ದರು. ತಮ್ಮ ಭಾಷೆಯಲ್ಲಿ ಏನಿದೆಯೆಂದು ಯಾರಾದರೂ ಕೇಳಿದರೆ ಹೇಳಲು ಅವರಲ್ಲಿ ಉತ್ತರವಿರಲಿಲ್ಲ. ಗುಜರಾತಿಗಳ, ಮರಾಠಿಗರ ಸ್ವಭಾಷಾಭಿಮಾನ ಒಂದು ಕಡೆ. ತನ್ನವರ ನಿರಭಿಮಾನ ಇನ್ನೊಂದು ಕಡೆ. ಈ ಹೋಲಿಕೆಯ ನೋವೇ ಹಳಕಟ್ಟಿಯವರ ಬಾಳಿನ ತಿರುವು. ಅದೇ ಕಾಲದಲ್ಲಿ ಆಲೂರು ವೆಂಕಟರಾಯರ ಸ್ನೇಹವೂ ಅವರಿಗೆ ದೊರೆಯಿತು. ಇಬ್ಬರೂ ೧೮೮೦ರ ಜುಲೈ ತಿಂಗಳಿನಲ್ಲಿಯೇ ಹುಟ್ಟಿದವರು, ಇಬ್ಬರೂ ಕಾನೂನು ಓದಿದವರು, ಇಬ್ಬರ ಎದೆಯಲ್ಲಿದ್ದುದೂ ಒಂದೇ ಉರಿ. ಒಬ್ಬರು ಕರ್ನಾಟಕದ ಗತವೈಭವವನ್ನು ಅರಸಿ ಹೊರಟರು, ಇನ್ನೊಬ್ಬರು ಶರಣರ ನುಡಿಯನ್ನು.

ಮೈಸೂರಿನ ಅರಸರ ಆಳ್ವಿಕೆಯಲ್ಲಿದ್ದ ನಮ್ಮ ಹೊಸಕೋಟೆ, ದೇವನಹಳ್ಳಿಯ ಕಡೆಯವರಿಗೆ ಈ ನೋವು ಬೇಗನೆ ಅರ್ಥವಾಗದು. ಇಲ್ಲಿ ತೆಲುಗು ತಮಿಳುಗಳು ನೆರೆಯಲ್ಲಿಯೇ ಇದ್ದರೂ ಅರಮನೆಯೂ ಕಚೇರಿಯೂ ಕನ್ನಡವನ್ನು ಕೈಬಿಟ್ಟಿರಲಿಲ್ಲ. ಕೈಬಿಟ್ಟ ಕಡೆಯಲ್ಲಿ ಬೆಳೆದವರಿಗೇ ಅದರ ಬೆಲೆ ಮೊದಲು ತಿಳಿದುದು ಸಹಜವಾಗಿದೆ.

ಹಳಕಟ್ಟಿಯವರು ೧೯೦೪ರಲ್ಲಿ ಕಾನೂನಿನ ಪದವಿಯನ್ನು ಪಡೆದು, ಮೊದಲು ಬೆಳಗಾವಿಯಲ್ಲಿ ಕೆಲಕಾಲ ವಕೀಲಿ ನಡೆಸಿ, ಅಲ್ಲಿಂದ ವಿಜಾಪುರಕ್ಕೆ ಬಂದು ನೆಲಸಿದರು. ಆ ವೇಳೆಗಾಗಲೇ ಅವರ ಬಾಳಿನಲ್ಲಿ ಇನ್ನೊಂದು ಘಟನೆ ನಡೆದಿತ್ತು. ರಬಕವಿ, ಬನಹಟ್ಟಿಗಳು ಕೃಷ್ಣೆಯ ಬದಿಯ ನೇಕಾರರ ಊರುಗಳು. ಆ ಸೀಮೆಯ ಭಕ್ತರ ಮನೆಯಲ್ಲಿ ಷಟ್‌ಸ್ಥಲ ತಿಲಕ, ಪ್ರಭುದೇವರ ವಚನ ಎಂಬ ಓಲೆಗರಿಯ ಗ್ರಂಥಗಳು ಅವರ ಕಣ್ಣಿಗೆ ಬಿದ್ದುವು. ಮುಂಬಯಿಯಲ್ಲಿ ಉತ್ತರವಿಲ್ಲದೆ ತಲೆತಗ್ಗಿಸಿದ ಪ್ರಶ್ನೆಗೆ ಉತ್ತರವು ಅಲ್ಲಿ ಮಗ್ಗದ ಸದ್ದಿನ ನಡುವೆ ಸಿಕ್ಕಿತೆಂದು ಹೇಳಿದರೆ ತಪ್ಪಾಗಲಾರದು. ಮುಂಬಯಿಯನ್ನು ಕಾಣದೆ ಆ ಮನೆಗೆ ಹೋಗಿದ್ದರೆ ಅವರೂ ಎಲ್ಲರಂತೆ ಕೈಮುಗಿದು ಹಿಂದಿರುಗುತ್ತಿದ್ದರೋ ಏನೋ!

ಓಲೆಗರಿಯ ಗ್ರಂಥವನ್ನು ಓದುವುದು ಎಂತಹ ಶ್ರಮವೆಂಬುದನ್ನು ಇಂದಿನವರು ಊಹಿಸಲಾರರು. ತಾಳೆಯ ಗರಿಯ ಮೇಲೆ ಕಬ್ಬಿಣದ ಕಂಠದಿಂದ ಕೊರೆದ ಅಕ್ಷರಗಳು. ಮಸಿ ತೀಡಿದ ಹೊರತು ಅವು ಕಣ್ಣಿಗೆ ಕಾಣವು. ಪದಕ್ಕೂ ಪದಕ್ಕೂ ನಡುವೆ ಎಡೆಯಿಲ್ಲ, ವಾಕ್ಯ ಮುಗಿದ ಗುರುತಿಲ್ಲ, ಒಂದು ವಚನವು ಮುಗಿದು ಇನ್ನೊಂದು ಮೊದಲಾಗುವ ಕಡೆಯನ್ನು ಬಹುಮಟ್ಟಿಗೆ ಅಂಕಿತದಿಂದಲೇ ಗುರುತಿಸಬೇಕು. ಹುಳು ತಿಂದ ತೂತುಗಳಲ್ಲಿ ಅಕ್ಷರಗಳು ಹೋಗಿರುತ್ತವೆ. ಅಂಚು ಮುರಿದ ಕಡೆ ಸಾಲೇ ಹೋಗಿರುತ್ತದೆ. ಪ್ರತಿಗಾರನು ತನಗೆ ತಿಳಿಯದ ಪದವನ್ನು ತಿಳಿದ ಪದವಾಗಿ ತಿದ್ದಿರುತ್ತಾನೆ. ಆದುದರಿಂದ ಒಂದು ಕಟ್ಟು ಸಾಲದು. ಅದೇ ಗ್ರಂಥದ ಇನ್ನೊಂದು ಕಟ್ಟನ್ನು ಹುಡುಕಿ ಪಕ್ಕದಲ್ಲಿಟ್ಟು ನೋಡಬೇಕು.

ಇಲ್ಲಿ ಅವರ ವಕೀಲಿಯ ಅಭ್ಯಾಸವು ನೆರವಾಯಿತು. ದಸ್ತಾವೇಜನ್ನು ಪರೀಕ್ಷಿಸುವುದು, ಒಬ್ಬ ಸಾಕ್ಷಿಯ ಮಾತನ್ನು ಇನ್ನೊಬ್ಬನದರೊಡನೆ ತೂಗಿ ನೋಡುವುದು, ವಿಷಯಕ್ಕೆ ತಕ್ಕಂತೆ ಪ್ರಮಾಣಗಳನ್ನು ಅಡಕವಾಗಿ ಜೋಡಿಸುವುದು ಅವರಿಗೆ ದಿನದ ಕೆಲಸವಾಗಿದ್ದಿತು. ಬಿಡುವಿನ ದಿನಗಳಲ್ಲಿ ಊರೂರು ತಿರುಗಿ ಕಟ್ಟುಗಳನ್ನು ಕೇಳಿ ತರುವರು. ಕೆಲವರು ಸಂತೋಷದಿಂದ ಕೊಡುವರು. ಪೂಜೆಯ ವಸ್ತುವನ್ನು ಹೊರಗೆ ಕಳುಹಿಸಬಾರದೆಂದು ಹಿಂಜರಿಯುವವರೂ ಇದ್ದರು, ಅವರದೂ ತಪ್ಪೆನ್ನಲಾಗದು. ಆ ಹಿಂಜರಿಕೆಯೇ ಆರೇಳು ನೂರು ವರ್ಷ ಆ ನುಡಿಗಳನ್ನು ಬೆಂಕಿಗೂ ನೀರಿಗೂ ಬೀಳದಂತೆ ಕಾಪಾಡಿಕೊಂಡು ಬಂದುದು. ಹೀಗೆ ೧೯೨೦ರ ವೇಳೆಗೆ ಅವರಲ್ಲಿ ಸುಮಾರು ಸಾವಿರ ಕಟ್ಟುಗಳು ಕೂಡಿದ್ದುವು. ಅವರು ಕೈಹಾಕುವ ಮುನ್ನ ಐವತ್ತರಷ್ಟು ವಚನಕಾರರ ಹೆಸರು ಮಾತ್ರ ಬಳಕೆಯಲ್ಲಿದ್ದುದು ಅವರ ಶೋಧದಿಂದ ಇನ್ನೂರೈವತ್ತಕ್ಕೆ ಏರಿತೆಂದು ಬಲ್ಲವರು ಗಣಿಸುವರು.

ಈ ನಡುವೆ ಅವರು ವಿಜಾಪುರದ ಸಾರ್ವಜನಿಕ ಜೀವನದಲ್ಲಿ ಮುಳುಗಿದ್ದರು. ಬರಗಾಲಕ್ಕೆ ಹೆಸರಾದ ಜಿಲ್ಲೆ ಅದು. ಅಲ್ಲಿಯ ಮಕ್ಕಳಿಗೆ ವಿದ್ಯೆ ದೊರೆಯಲೆಂದು ೧೯೧೦ರಲ್ಲಿ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯನ್ನು, ರೈತರೂ ವ್ಯಾಪಾರಿಗಳೂ ಸಾಲದ ಸುಳಿಯಿಂದ ಪಾರಾಗಲೆಂದು ೧೯೧೨ರಲ್ಲಿ ಸಿದ್ಧೇಶ್ವರ ಬ್ಯಾಂಕನ್ನು ಕಟ್ಟುವಲ್ಲಿ ಮುಂದಾಳುಗಳಾದರು. ಮುಂಬಯಿಯ ಶಾಸನಸಭೆಯ ಸದಸ್ಯರೂ ಆಗಿದ್ದರು. ಸರ್ಕಾರವು ರಾವ್ ಬಹಾದ್ದೂರ್ ಬಿರುದನ್ನಿತ್ತಿತು. ಬೇರೆಯವರಿಗೆ ಇಷ್ಟೇ ಒಂದು ಜನ್ಮಕ್ಕೆ ಸಾಕಾಗುತ್ತಿದ್ದಿತು.

ವಚನಗಳನ್ನು ಅಚ್ಚು ಹಾಕಿಸುವ ಕಾಲ ಬಂದಾಗ ಹೊಸ ತೊಡಕು ಎದುರಾಯಿತು. ಮೊದಲು ಮಂಗಳೂರಿನ ಮುದ್ರಣಾಲಯವೊಂದಕ್ಕೆ ಕಳುಹಿಸಿದ ಹಸ್ತಪ್ರತಿಯು ಅಚ್ಚಾಗದೆ ಹಿಂದಿರುಗಿತು. ಕೊನೆಗೆ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವು ಬೆಳಕು ಕಂಡಿತು. ಇದಕ್ಕೆ ಸ್ವಲ್ಪ ಮುನ್ನ ಬಸವಣ್ಣನವರ ವಚನಗಳನ್ನು ಅವರೇ ಇಂಗ್ಲಿಷಿಗೆ ತಿರುಗಿಸಿ, ವಿದ್ವಾಂಸರು ಓದುತ್ತಿದ್ದ ಇಂಡಿಯನ್ ಆಂಟಿಕ್ವರಿ ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ತನ್ನವರಿಗೆ ತಿಳಿಸುವುದರ ಜೊತೆಗೆ ಹೊರಗಿನವರಿಗೂ ತೋರಿಸಬೇಕೆಂಬ ಹಂಬಲವು ಮುಂಬಯಿಯ ದಿನಗಳ ಗಾಯದಿಂದ ಬಂದುದೇ ಸರಿ.

ವಚನಶಾಸ್ತ್ರಸಾರವೆಂಬ ಆ ಹೆಸರನ್ನೂ ವಾಚಕರು ಗಮನಿಸಬೇಕು. ಇಲ್ಲಿ ವಚನಗಳು ಒಬ್ಬೊಬ್ಬ ಶರಣರದಾಗಿ ಬೇರೆಬೇರೆಯಾಗಿ ಬರುವುದಿಲ್ಲ; ವಿಷಯವಿಷಯಕ್ಕೆ ವಿಂಗಡಿಸಿ ಜೋಡಿಸಲ್ಪಟ್ಟಿವೆ. ಕಾವ್ಯವೆಂದಲ್ಲ, ಶಾಸ್ತ್ರವೆಂದು ಅವರು ವಚನಗಳನ್ನು ಕಂಡರು. ಪಶ್ಚಿಮದ ಧರ್ಮಶಾಸ್ತ್ರ ಗ್ರಂಥಗಳ ಅಚ್ಚುಕಟ್ಟು, ಕಾನೂನಿನ ಪುಸ್ತಕಗಳ ವರ್ಗೀಕರಣ, ಇವುಗಳ ನೆರಳು ಅದರ ಮೇಲೆ ಬಿದ್ದಿರುವುದು ಸ್ಪಷ್ಟ. ಇದರಿಂದ ಲಾಭವೂ ಆಯಿತು, ನಷ್ಟವೂ ಆಯಿತು. ಗುರು ಲಿಂಗ ಜಂಗಮಗಳ ವಿಚಾರವಾಗಿ ಶರಣರ ನಿಲುವೇನೆಂದು ಅರಿಯಬಯಸುವ ಗೃಹಸ್ಥನಿಗೆ ಅದು ಕೈದೀವಿಗೆಯಾಯಿತು. ಆದರೆ ಒಬ್ಬೊಬ್ಬ ಶರಣರ ದನಿಯು ಬೇರೆಯಾಗಿ ಕೇಳಿಸುವುದು ಅದರಲ್ಲಿ ಕಡಮೆ. ಅಕ್ಕಮಹಾದೇವಿಯ ಅಳಲೂ ಅಲ್ಲಮಪ್ರಭುವಿನ ಬೆಡಗೂ ಒಂದೇ ತಲೆಬರಹದ ಕೆಳಗೆ ಸರಿಸಮವಾಗಿ ಕುಳಿತುಕೊಳ್ಳುತ್ತವೆ. ಪಾಠಗಳಲ್ಲಿಯೂ ದೋಷಗಳು ಉಳಿದಿದ್ದುವು. ಶಿ. ಶಿ. ಬಸವನಾಳರು, ಎಲ್. ಬಸವರಾಜು ಅವರು ಮೊದಲಾದ ವಿದ್ವಾಂಸರು ಮುಂದೆ ಹೆಚ್ಚಿನ ಪ್ರತಿಗಳನ್ನು ನೋಡಿ ಅವನ್ನು ತಿದ್ದಿದರು. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರವು ೧೯೯೩ರಲ್ಲಿ ಸಮಗ್ರ ವಚನ ಸಂಪುಟಗಳನ್ನು ಹದಿನೈದು ಭಾಗಗಳಲ್ಲಿ ಪ್ರಕಟಿಸಿತು. ತಿದ್ದಲು ಒಂದು ಪಾಠವು ಮುಂದೆ ಇದ್ದುದರಿಂದಲೇ ತಿದ್ದುವುದು ಸಾಧ್ಯವಾಯಿತು.

ಅದೇ ಕಾಲದಲ್ಲಿ ಅದೇ ಧಾರವಾಡದಲ್ಲಿ ಹುಟ್ಟಿದ ಇನ್ನೊಬ್ಬರ ನೆನಪು ಇಲ್ಲಿ ಬರುತ್ತದೆ. ಕ್ರೈಸ್ತ ಪಾದ್ರಿಗಳಾಗಿದ್ದ ಉತ್ತಂಗಿ ಚನ್ನಪ್ಪನವರು ೧೮೮೧ರಲ್ಲಿ ಜನಿಸಿದವರು. ಅವರು ಊರೂರು ತಿರುಗಿ ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ ೧೯೨೪ರಲ್ಲಿ ಪ್ರಕಟಿಸಿದರು. ಬಸವಣ್ಣನವರನ್ನು ಕುರಿತೂ ಆದರದಿಂದ ಬರೆದರು. ಒಬ್ಬರ ಕೈಯಲ್ಲಿ ಬೈಬಲ್ಲು, ಇನ್ನೊಬ್ಬರ ಅಂಗೈಯಲ್ಲಿ ಇಷ್ಟಲಿಂಗ. ಊರೂ ಕಾಲವೂ ಇಬ್ಬರನ್ನೂ ಒಂದೇ ಬಗೆಯ ಕೆಲಸಕ್ಕೆ ಹಚ್ಚಿದುವು.

ಹಳಕಟ್ಟಿಯವರ ಕಥೆಯಲ್ಲಿ ಗೃಹಸ್ಥರ ಮನಸ್ಸನ್ನು ಕಲಕುವ ಭಾಗವು ೧೯೨೫ರಿಂದ ಮೊದಲಾಗುತ್ತದೆ. ಪರರ ಮುದ್ರಣಾಲಯವನ್ನು ನಂಬಿ ಈ ಕೆಲಸ ಸಾಗದೆಂದು ಕಂಡು, ಇದ್ದ ಮನೆಯನ್ನು ಮಾರಿ, ವಿಜಾಪುರದಲ್ಲಿ ಹಿತಚಿಂತಕವೆಂಬ ಮುದ್ರಣಾಲಯವನ್ನು ಅವರು ಸ್ಥಾಪಿಸಿದರು. ಮರುವರ್ಷ ಶಿವಾನುಭವ ಪತ್ರಿಕೆ, ೧೯೨೭ರಲ್ಲಿ ನವಕರ್ನಾಟಕವೆಂಬ ವಾರಪತ್ರಿಕೆ ಮೊದಲಾದುವು. ವಕೀಲಿಯಿಂದ ಬರುವ ಹಣವು ಅಚ್ಚಿನ ಮೊಳೆಗಳಿಗೂ ಕಾಗದಕ್ಕೂ ಕೆಲಸಗಾರರ ಸಂಬಳಕ್ಕೂ ಹೋಗುತ್ತಿದ್ದಿತು. ವಕೀಲಿಗೆ ಕೊಡಬೇಕಾದ ಹೊತ್ತನ್ನು ವಚನಗಳೇ ತೆಗೆದುಕೊಂಡುದರಿಂದ ಆ ಹಣವೂ ಕ್ರಮೇಣ ಕಡಮೆಯಾಯಿತು. ಹಿಂದೆ ಸ್ವಂತ ಮನೆಯಲ್ಲಿದ್ದ ಕುಟುಂಬವು ಬಾಡಿಗೆಯ ಮನೆಯಲ್ಲಿ ಬಾಳಿತು. ತೇಪೆ ಹಾಕಿದ ಕೋಟು ತೊಟ್ಟು, ಸೈಕಲ್ಲನ್ನೇರಿ ವಿಜಾಪುರದ ಬೀದಿಗಳಲ್ಲಿ ಓಡಾಡುತ್ತಿದ್ದ ಆ ರಾವ್ ಬಹಾದ್ದೂರರನ್ನು ಕಂಡವರು ಬಹುಕಾಲ ನೆನೆಯುತ್ತಿದ್ದರು.

ತ್ಯಾಗವೆಂದು ಹೊಗಳುವುದು ಸುಲಭ. ಆದರೆ ಮನೆಯನ್ನು ಮಾರಿದ ದಿನ ಆ ಮನೆಯೊಡತಿ ಭಾಗೀರಥಿಯಮ್ಮನವರ ಮನಸ್ಸು ಹೇಗಿದ್ದಿರಬೇಕು? ದಾಸೋಹವೆಂಬುದು ಯಜಮಾನನ ಹೆಸರಿನಲ್ಲಿ ನಡೆದರೂ ಅದರ ಭಾರದಲ್ಲಿ ಅರ್ಧವನ್ನು ಹೊರುವವಳು ಗೃಹಿಣಿ. ಶಿವಾನುಭವದ ಸಂಚಿಕೆಗಳ ಮೇಲೆ ಆಕೆಯ ಹೆಸರು ಇಲ್ಲ. ಅವುಗಳ ಬೆಲೆಯಲ್ಲಿ ಆಕೆಯ ಪಾಲು ಉಂಟು. ಎಳವೆಯಲ್ಲಿ ತಾಯಿಯನ್ನು ಕಳೆದುಕೊಂಡವರು ಮನೆಯೆಂಬುದಕ್ಕಿಂತ ದೊಡ್ಡದಾದ ಒಂದು ಮನೆಯನ್ನು ಕಟ್ಟಲು ಹೊರಟರೆಂದೂ, ಅದಕ್ಕಾಗಿ ಚಿಕ್ಕ ಮನೆಯವರು ಕಷ್ಟಪಟ್ಟರೆಂದೂ ಇದನ್ನು ತಿಳಿಯಬಹುದು. ಎರಡೂ ಸತ್ಯವೇ.

ಆ ಮುದ್ರಣಾಲಯದಿಂದ ಹೊರಬಂದ ಗ್ರಂಥಗಳ ಪಟ್ಟಿ ಉದ್ದವಾದುದು. ಹರಿಹರನ ರಗಳೆಗಳು ಜನರ ಕೈಗೆ ಬಂದುದು ಹೆಚ್ಚಾಗಿ ಅವರಿಂದಲೇ. ಗೂಳೂರು ಸಿದ್ಧವೀರಣ್ಣೊಡೆಯರ ಶೂನ್ಯಸಂಪಾದನೆಯನ್ನು ಅವರು ೧೯೩೦ರಲ್ಲಿ ಪ್ರಕಟಿಸಿದರು. ಅನುಭವಮಂಟಪದ ಸಂವಾದಗಳು ನಾಡಿನ ಓದುಗರ ಮುಂದೆ ತೆರೆದುಕೊಂಡುವು. ಬಳ್ಳಾರಿಯಲ್ಲಿ ೧೯೨೬ರಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನವು ಅವರನ್ನು ಅಧ್ಯಕ್ಷ ಪೀಠದಲ್ಲಿ ಕೂರಿಸಿತು. ವಿಜಾಪುರಕ್ಕೆ ಬಂದ ಬಿ. ಎಂ. ಶ್ರೀಕಂಠಯ್ಯನವರು ಗೋಳಗುಮ್ಮಟಕ್ಕೆ ಮುನ್ನ ವಚನಗುಮ್ಮಟವನ್ನು ಕಾಣಬೇಕೆಂದು ಹೇಳಿ ಹಳಕಟ್ಟಿಯವರ ಮನೆಯನ್ನು ಹುಡುಕಿಕೊಂಡು ಹೋದರೆಂಬ ಕಥೆಯು ಆ ಕಡೆಯ ಜನರ ಬಾಯಲ್ಲಿ ಇಂದಿಗೂ ಇದೆ.

ಕನ್ನಡ ನಾಡು ಒಂದಾದುದು ೧೯೫೬ರ ನವೆಂಬರ್ ೧ರಂದು. ಮುಂಬಯಿಯಲ್ಲಿ ಕನ್ನಡವಾಡಲು ನಾಚಿದವರನ್ನು ಕಂಡು ನೊಂದಿದ್ದ ತರುಣನಿಗೆ ಆಗ ಎಪ್ಪತ್ತಾರು ವರ್ಷ. ಅದೇ ವರ್ಷ ಕರ್ನಾಟಕ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನು ನೀಡಿತು. ಅವರು ಹುಟ್ಟಿದ ಧಾರವಾಡದ ವಿಶ್ವವಿದ್ಯಾಲಯವೇ ಅದು. ಅಲ್ಲಿಂದ ಮುಂದೆ ಎಂಟು ವರ್ಷ ಅವರು ಬದುಕಿದ್ದರು. ವಿಜಾಪುರದ ವಿದ್ಯಾಸಂಸ್ಥೆಯು ಕಾಲೇಜುಗಳಾಗಿ, ವೈದ್ಯಕೀಯ ಕಾಲೇಜಾಗಿ ಬೆಳೆದುದು ಮುಂದಿನ ಮಾತು. ಅವರ ಹೆಸರಿನ ಸಂಶೋಧನ ಕೇಂದ್ರವೂ ಅದರ ಆಶ್ರಯದಲ್ಲಿಯೇ ನಡೆದುಬಂದಿದೆ.

ಹಳಕಟ್ಟಿಯವರು ೧೯೬೪ರ ಜೂನ್ ೨೯ರಂದು ಲಿಂಗೈಕ್ಯರಾದರು. ಎಂಬತ್ತನಾಲ್ಕು ತುಂಬುವುದಕ್ಕೆ ಇನ್ನು ಮೂರು ದಿನ ಉಳಿದಿದ್ದುವು.